ಮೂರನೆಯ ನಿಮಿಷಕ್ಕೆ ಬೀಳುತ್ತಿದ್ದ ಬ್ಯಾಟರಿ

ನಮ್ಮ ಬ್ಯಾಟರಿ ಕೆಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಹೇಳಿದರೂ ಕೇಳಿಸಿಕೊಳ್ಳುವವರಿರಲಿಲ್ಲ. ಈಗಲಾದರೂ ನಡುವೆ ಯಾರೂ ಬಾಯಿ ಹಾಕದಂತೆ ಹೇಳಿಕೊಳ್ಳಬೇಕು. ತಪ್ಪು ಆಗಿತ್ತು, ಅದು ನನ್ನದೇ ತಪ್ಪು. ಆದರೆ ಅದು ಪೆಟ್ಟಿಗೆಯ ಒಳಗಿರಲಿಲ್ಲ.

ತುಮಕೂರಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಡೆ ಗ್ರಿಲ್ ಮಾಡುವವರು, ಇನ್ನೊಂದು ಕಡೆ ಕೊಬ್ಬರಿ ಎಣ್ಣೆ ತುಂಬುವವರು, ನಡುವೆ ನಮ್ಮ ಶೆಡ್ಡು. ನಾನು, ನನ್ನ ಜೊತೆಗಾರ, ಇನ್ನು ಮೂರು ಜನ. ಹಗಲಿನ ಸೋಲಾರ್ ಕರೆಂಟನ್ನು ಕೂಡಿಟ್ಟು ಬೇಕಾದಾಗ ಕೊಡುವ ಬ್ಯಾಟರಿ ಪೆಟ್ಟಿಗೆ ಮಾಡುವುದು ನಮ್ಮ ಕೆಲಸ. ಸೆಲ್ಲುಗಳು ಹೊರದೇಶದಿಂದ ಬರುತ್ತವೆ, ಒಪ್ಪುತ್ತೇನೆ. ಆದರೆ ಅವನ್ನು ಒಂದೊಂದಾಗಿ ಅಳೆದು ಜೋಡಿಸುವುದು, ಅವುಗಳ ಮೇಲೆ ಕಣ್ಣಿಡುವ ಬೋರ್ಡು, ಆ ಬೋರ್ಡಿನ ಪ್ರೋಗ್ರಾಮು, ಹೊರಗಿನ ತಗಡು ಎಲ್ಲ ನಮ್ಮದೇ. ಶೆಡ್ಡಿನೊಳಗೆ ಎಲ್ಲ ಪರೀಕ್ಷೆಯಲ್ಲೂ ಪಾಸಾದ ಪೆಟ್ಟಿಗೆ ಮೊದಲ ಬಾರಿಗೆ ಹೊರಗೆ ಹೋಗಿದ್ದು ಕುಣಿಗಲ್ ತಾಲ್ಲೂಕಿಗೆ, ಹುತ್ರಿದುರ್ಗದ ಬೆಟ್ಟದ ಕೆಳಗಿನ ಒಂದು ಹಳ್ಳಿಯ ಮಹಿಳಾ ಡೈರಿಗೆ.

ಡೈರಿಯ ಕಷ್ಟ ಸರಳವಾಗಿತ್ತು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು, ಊರಿನ ಹೆಂಗಸರೆಲ್ಲ ಹಾಲು ತಂದು ಹಾಕುತ್ತಾರೆ. ಆ ಹಾಲನ್ನು ದೊಡ್ಡ ಟ್ಯಾಂಕಿನಲ್ಲಿ ಸುರಿದು ನಾಲ್ಕು ಡಿಗ್ರಿಗೆ ಇಳಿಸಬೇಕು. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಗುತ್ತದೆ. ತಂಪಾಗದ ಹಾಲನ್ನು ಟ್ಯಾಂಕರಿನವನು ಮುಟ್ಟುವುದಿಲ್ಲ. ಹಾಗಾಗಿ ಕಟ್ಟಡದ ಪಕ್ಕದಲ್ಲಿ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವ ಹಳೇ ಡೀಸೆಲ್ ಜನರೇಟರ್ ಇತ್ತು. ತಿರುಗಿಸುವವರು ಡೈರಿಯ ಟೆಸ್ಟರ್ ಅಕ್ಕ. ಹಾಲು ಪರೀಕ್ಷೆ ಮಾಡುವುದು, ಅಳೆಯುವುದು, ಕ್ಯಾನ್ ತೊಳೆಯುವುದು, ಎಲ್ಲಕ್ಕೂ ಅವರೊಬ್ಬರೇ. ವರ್ಷದ ಹಿಂದೆ ಆ ಹ್ಯಾಂಡಲ್ ಎದುರು ಹೊಡೆದು ಅವರ ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಕೂಡಿಕೊಂಡಿದೆ, ಆದರೆ ಸ್ವಲ್ಪ ಸೊಟ್ಟಗೆ. ಈಗಲೂ ಹ್ಯಾಂಡಲ್ ಮುಟ್ಟುವ ಮೊದಲು ಮಣಿಕಟ್ಟಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ಆ ಟವೆಲ್ ಬಿಡಿಸುವುದೇ ನಮ್ಮ ಪೆಟ್ಟಿಗೆಯ ಕೆಲಸ ಎಂದು ನಾನು ಮೊದಲ ದಿನವೇ ತೀರ್ಮಾನಿಸಿದ್ದೆ.

ಚಾವಣಿಯ ಮೇಲೆ ಸೋಲಾರ್ ಫಲಕಗಳು ಆಗಲೇ ಇದ್ದವು. ನಾವು ಹಾಲು ತಂಪು ಮಾಡುವ ಕೂಲರಿನ ಕೇಬಲ್ಲಿಗೆ ಮೀಟರ್ ಹಾಕಿ ಅದು ಎಳೆಯುವ ಕರೆಂಟು ಅಳೆದೆವು. ಇನ್ನೇನು ಓಡುತ್ತದೆ ಎಂದು ಕೇಳಿದೆವು. ಲೈಟು, ಫ್ಯಾನು, ಹಾಲು ಪರೀಕ್ಷೆಯ ಮಷೀನು, ತೂಕದ ಮಷೀನು ಎಂದರು, ಬರೆದುಕೊಂಡೆ. ಪೆಟ್ಟಿಗೆಯೊಳಗಿನ ಹದಿನಾರು ಸೆಲ್ಲಿನ ಎರಡು ಪ್ಯಾಕುಗಳನ್ನು ಇನ್ವರ್ಟರಿಗೆ ಸೇರಿಸಿ, ಡೈರಿಯ ಇಡೀ ವೈರಿಂಗ್ ಬೋರ್ಡಿಗೆ ಸಂಪರ್ಕ ಕೊಟ್ಟೆವು. ಕರೆಂಟು ಹೋದರೆ ಐದು ಸೆಕೆಂಡಿನಲ್ಲಿ ಬ್ಯಾಟರಿ ಹಿಡಿದುಕೊಳ್ಳುತ್ತದೆ. ಕೂಲರಿನ ಕಂಪ್ರೆಸರ್ ಮಾತ್ರ ಮೂರು ನಿಮಿಷ ಸುಧಾರಿಸಿಕೊಂಡು ಏಳುತ್ತದೆ, ಅದು ಅದರ ಸ್ವಭಾವ. ನಾವು ಮೈನ್ ಸ್ವಿಚ್ ಎಳೆದು ತೋರಿಸಿದೆವು. ಲೈಟು ಹೋಗಿ ಐದು ಸೆಕೆಂಡಿಗೆ ಬಂತು, ಮೂರು ನಿಮಿಷಕ್ಕೆ ಕಂಪ್ರೆಸರ್ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಬೆಳಗಿನ ಹನ್ನೊಂದು ಗಂಟೆ.

ಮೂರನೆಯ ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಫೋನು. ಡೈರಿಯ ಅಧ್ಯಕ್ಷರು. ಅರವತ್ತು ದಾಟಿದ ಹೆಂಗಸು, ಫೋನಿನಲ್ಲಿ ಹಲೋ ಎನ್ನುವ ಅಭ್ಯಾಸ ಇಲ್ಲ.

"ಏನವ್ವಾ, ನಿನ್ ಡಬ್ಬ ಮಲಿಕ್ಕಂತಲ್ಲ! ಬಂತು, ಮೂರ್ ನಿಮ್ಷ ಇತ್ತು, ಟಪ್ ಅಂತ ಹೋಯ್ತು. ಮತ್ತೆ ಇವ್ಳೇ ಹ್ಯಾಂಡ್ಲು ತಿರುಗುಸ್ತಾವ್ಳೆ."

ಹತ್ತು ಗಂಟೆಗೆ ಅಲ್ಲಿದ್ದೆವು. ಮೈನ್ ಎಳೆದೆವು. ಬ್ಯಾಟರಿ ಹಿಡಿಯಿತು, ಮೂರು ನಿಮಿಷಕ್ಕೆ ಕಂಪ್ರೆಸರ್ ಎದ್ದಿತು, ಗಂಟೆಗಟ್ಟಲೆ ಓಡಿತು. ನಾಲ್ಕು ಗಂಟೆಗೆ ವಾಪಸ್ ಹೊರಟೆವು. ಕುಣಿಗಲ್‌ನಲ್ಲಿ ತಡವಾದ ಊಟ ಮುಗಿಸಿ ಕೆರೆ ಏರಿ ದಾಟುವಷ್ಟರಲ್ಲಿ ಮತ್ತೆ ಫೋನು. ಸಂಜೆಯ ಹಾಲಿಗೂ ಬಿದ್ದಿತ್ತು.

ಪೆಟ್ಟಿಗೆಯ ಬೋರ್ಡಿನ ದಾಖಲೆ ತೆಗೆದು ನೋಡಿದರೆ ಮೂರನೆಯ ನಿಮಿಷಕ್ಕೆ ಕರೆಂಟಿನ ಸೆಳೆತ ಮಿತಿ ಮೀರಿತ್ತು. ಒಂದು ಪ್ಯಾಕ್ ತನ್ನನ್ನು ಕಾಪಾಡಿಕೊಳ್ಳಲು ಕಳಚಿಕೊಂಡಿತ್ತು, ಪೂರ್ತಿ ಭಾರ ಇನ್ನೊಂದರ ಮೇಲೆ ಬಿದ್ದು ಅದೂ ಕಳಚಿತ್ತು. ಎರಡನೆಯ ಪ್ಯಾಕಿನ ಹನ್ನೊಂದನೆಯ ಸೆಲ್ಲಿನ ವೋಲ್ಟೇಜು ಉಳಿದವಕ್ಕಿಂತ ಸ್ವಲ್ಪ ಹೆಚ್ಚು ಕುಸಿದಿತ್ತು. ಜೊತೆಗಾರನಿಗೆ ಅಷ್ಟು ಸಾಕಾಯಿತು. ಅವನು ಪ್ರೋಗ್ರಾಮ್ ಬರೆಯುವವನು, ಒಂದು ಅಂಕಿ ಸಿಕ್ಕಿದರೆ ಅದನ್ನು ಬಿಡುವವನಲ್ಲ. ಪ್ಯಾಕನ್ನು ಶೆಡ್ಡಿಗೆ ತಂದು ಬಿಚ್ಚಿದೆವು. ಹದಿನಾರೂ ಸೆಲ್ಲುಗಳ ಒಳರೋಧ ಅಳೆದೆವು, ಹನ್ನೊಂದನೆಯದನ್ನು ಬದಲಿಸಿದೆವು, ತಾಮ್ರದ ಪಟ್ಟಿಗಳ ಬೋಲ್ಟುಗಳನ್ನು ಮತ್ತೆ ಅಳತೆಯಿಟ್ಟು ಬಿಗಿದೆವು. ಐದು ದಿನ ಹೋಯಿತು. ಮರಳಿ ಇಟ್ಟ ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಮೂರನೆಯ ನಿಮಿಷಕ್ಕೆ ಬಿತ್ತು.

"ಬೆಟ್ಟದ ಬುಡ, ಬೆಳಿಗ್ಗೆ ಚಳಿ ಜಾಸ್ತಿ. ಸೆಲ್ಲು ಮುದುರಿಕೊಳ್ತಿರಬೇಕು" ಎಂದ ಜೊತೆಗಾರ.

"ಸಂಜೆ ಐದೂವರೆಗೂ ಬೀಳ್ತಲ್ಲೋ, ಆಗ ಯಾವ ಚಳಿ?" ಎಂದೆ. ಅವನು ಮತ್ತೆ ದಾಖಲೆ ತೆರೆದ.

ಈ ಹೊತ್ತಿಗೆ ಸರಿಯಾಗಿ ಬೆಂಗಳೂರಿನಿಂದ ಸಲಹೆಗಾರರು ಬಂದರು. ನಮ್ಮಲ್ಲಿ ಹಣ ಹೂಡಿದವರು ಕಳುಹಿಸಿದ ತಾಂತ್ರಿಕ ಸಲಹೆಗಾರರು. ಶೆಡ್ಡಿನಲ್ಲಿ ಕುರ್ಚಿಯ ತುದಿಯಲ್ಲಿ ಕೂತು, ಪ್ಯಾಂಟಿಗೆ ಧೂಳು ತಾಗದಂತೆ ಕಾಲು ಮಡಿಚಿಕೊಂಡು ಕೇಳಿದರು.

"ಕರೆಂಟ್ ಲಿಮಿಟ್ ಎಷ್ಟಿಟ್ಟಿದ್ದೀರಿ? ಡಬಲ್ ಮಾಡಿ. ಡೆಮೋ ಮುಗಿಯೋವರೆಗೆ ಅಷ್ಟೆ. ಯಾರಿಗ್ಗೊತ್ತಾಗುತ್ತೆ?"

"ಸರ್, ಆ ಪೆಟ್ಟಿಗೆಯಿಂದ ನಾಲ್ಕಡಿ ದೂರದಲ್ಲಿ ಹೆಂಗಸರು ಸಾಲು ನಿಂತಿರ್ತಾರೆ. ನಿಮ್ಮನೆಯೋರು ಅಲ್ಲಿ ನಿಂತಿದ್ರೂ ಡಬಲ್ ಮಾಡಿ ಅಂತಿದ್ರಾ?"

ಅವರಿಗೆ ಇಷ್ಟವಾಗಲಿಲ್ಲ. ಆಗಲಿ ಎಂದೇ ನಾನು ಹೇಳಿರಲೂ ಇಲ್ಲ. ಹಾಗಾದರೆ ಹೊರಗಿನಿಂದ ರೆಡಿ ಪೆಟ್ಟಿಗೆ ತರಿಸಿ, ನಿಮ್ಮ ಸ್ಟಿಕರ್ ಅಂಟಿಸಿ ಮಾರಿ, ಮಾಡುವ ಚಟ ಬಿಡಿ ಎಂದರು. ಡೀಲರ್ ಆಗಲು ಒಪ್ಪಿಗೆ ಪತ್ರ ಕಳಿಸುತ್ತೇನೆ, ತಿಂಗಳ ಕೊನೆಯೊಳಗೆ ಸಹಿ ಮಾಡಿ ಎಂದರು. "ನಿಮ್ಮ ಬ್ಯಾಟರಿಗೆ ದಮ್ಮಿಲ್ಲ, ಒಪ್ಕೊಳ್ಳಿ" ಎನ್ನುವುದು ಹೋಗುವಾಗಿನ ಮಾತು. ಜೊತೆಗಾರ ತಲೆ ತಗ್ಗಿಸಿ ಕೂತಿದ್ದ. ನನಗೆ ಸಿಟ್ಟು ನೆತ್ತಿಗೇರಿತ್ತು. ಕೈಯಾರೆ ಅಳೆದ ಮೂವತ್ತೆರಡು ಸೆಲ್ಲು. ದಮ್ಮಿಲ್ಲವಂತೆ.

ಅದೇ ವಾರ ಡೈರಿಯ ಕಮಿಟಿ ಸೇರಿ ಗಡುವು ಕೊಟ್ಟಿತು. ಹದಿನೈದು ದಿನ. ಹದಿನೈದನೆಯ ದಿನ ಬೆಳಿಗ್ಗೆ, ಸಾಲು ತುಂಬಿರುವ ಹೊತ್ತಿಗೆ ಅಧ್ಯಕ್ಷರೇ ಮೈನ್ ಎಳೆಯುತ್ತಾರೆ. ನಿಂತರೆ ನಿಂತಿತು. ಬಿದ್ದರೆ ಅವತ್ತೇ ಟೆಂಪೊ ತಂದು ಪೆಟ್ಟಿಗೆ ಎತ್ತಿಕೊಂಡು ಹೋಗಬೇಕು.

ನಾನು ಎರಡು ದಿನ ದಾಖಲೆಗಳನ್ನೇ ನೋಡುತ್ತ ಕೂತೆ. ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ನಾವು ಹತ್ತಕ್ಕೆ ಹೋಗಿ ನಾಲ್ಕಕ್ಕೆ ಬರುತ್ತೇವೆ. ಆ ಆರು ಗಂಟೆಯಲ್ಲಿ ಬ್ಯಾಟರಿ ಒಮ್ಮೆಯೂ ಬಿದ್ದಿಲ್ಲ. ಹಾಲಿನ ಹೊತ್ತಿನಲ್ಲಿ ಒಮ್ಮೆಯೂ ನಿಂತಿಲ್ಲ. ಹಾಲಿನ ಹೊತ್ತಿನಲ್ಲಿ ನಾವು ಒಮ್ಮೆಯೂ ಅಲ್ಲಿಲ್ಲ. ಆಫೀಸಿನವರ ಹಾಗೆ ಹೋಗಿ ಬರುತ್ತಿದ್ದೆವು. ಟೆಸ್ಟರ್ ಅಕ್ಕನಿಗೆ ಫೋನ್ ಮಾಡಿ, ನಾಳೆ ನಿಮ್ಮನೆಯಲ್ಲಿ ಉಳಿಯಬಹುದೇ ಎಂದು ಕೇಳಿದೆ. "ಬನ್ನಿ ಮೇಡಂ, ಅದಕ್ಕೇನ್ ಕೇಳೋದು" ಎಂದರು.

ರಾತ್ರಿ ಅವರ ಮನೆಯಲ್ಲೇ ಮಲಗಿ, ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ಅಕ್ಕನೂ ನಾನೂ ಡೈರಿಗೆ ಬಂದೆವು. ಅಕ್ಕ ಬೀಗ ತೆಗೆದರು, ದೇವರ ಫೋಟೊಗೆ ಊದುಬತ್ತಿ ಹಚ್ಚಿದರು, ಮಷೀನು ಒರೆಸಿದರು. ಆಮೇಲೆ ಕಟ್ಟಡದ ಹಿಂದಕ್ಕೆ ಹೋದರು. ನಾನು ಸುಮ್ಮನೆ ಹಿಂದೆ ನಡೆದೆ. ಗೋಡೆಯ ಮೇಲೆ ತುಕ್ಕು ಹಿಡಿದ ತಗಡಿನ ಡಬ್ಬ, ಮಳೆಗೆ ಮುಚ್ಚಲು ಗೊಬ್ಬರದ ಚೀಲ. ಅಕ್ಕ ಚೀಲ ಎತ್ತಿ ಒಂದು ಗುಂಡಿಯನ್ನು ಮೇಲಕ್ಕೆ ತಳ್ಳಿದರು.

"ಏನಕ್ಕಾ ಅದು?"

"ಬೋರ್ ಮೋಟ್ರುದು ಮೇಡಂ. ಆಟೋಗೆ ಹಾಕ್ದೆ. ಕರೆಂಟ್ ಹೋಗಿ ಬಂದ್ರೆ ಅದೇ ಎತ್ಕಂತದೆ. ಕ್ಯಾನ್ ತೊಳ್ಯಾಕೆ, ದನಿನ ತೊಟ್ಟಿಗೆ ನೀರು ಬೇಕಲ್ಲ."

"ಎಷ್ಟು ಎಚ್‌ಪಿ?"

"ಐದು."

"ಯಾವ ಲೈನಿಂದ ಕೊಟ್ಟವ್ರೆ?"

"ಡೈರಿ ಬೋರ್ಡಿಂದ್ಲೇ. ಒಂಬತ್ತು ಗಂಟೆಗೆ ಎಲ್ಲಾ ತೊಳ್ದು ಆಫ್ ಮಾಡ್ಬುಡ್ತೀನಿ. ಸಂಜೆ ಮತ್ತೆ ಹಾಕ್ತೀನಿ."

ನಾನು ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. "ಅಕ್ಕಾ, ಏನೇನ್ ಓಡುತ್ತೆ ಅಂತ ಅವತ್ತು ಕೇಳ್ದಾಗ ಇದನ್ನ ಯಾಕ್ ಹೇಳ್ಲಿಲ್ಲ?"

"ಅದ್ನೇನ್ ಹೇಳೋದು ಮೇಡಂ? ಅದರ ಪಾಡಿಗೆ ಅದಿರ್ತದೆ."

ಅವರನ್ನು ಬಯ್ಯುವ ಯೋಗ್ಯತೆ ನನಗಿರಲಿಲ್ಲ. ನಾನು ಗುಬ್ಬಿ ತಾಲ್ಲೂಕು ಚೇಳೂರಿನ ಕಡೆಯವಳು. ನಮ್ಮ ತೆಂಗಿನ ತೋಟದ ಮೋಟರೂ ಆಟೋದಲ್ಲೇ ಇರುವುದು. ಮೂರು ಫೇಸು ಯಾವಾಗ ಕೊಡುತ್ತಾರೋ ಯಾರಿಗೆ ಗೊತ್ತು, ಬಂದಾಗ ತಾನೇ ಏಳಲಿ ಎಂದು ನಮ್ಮ ಕಡೆ ಪ್ರತಿಯೊಂದು ಬೋರಿಗೂ ಈ ಡಬ್ಬ ಇದೆ. ಕರೆಂಟು ಬಂತು ಎಂದು ನಾವು ತಿಳಿಯುತ್ತಿದ್ದುದೇ ಕಾಲುವೆಯಲ್ಲಿ ನೀರಿನ ಸದ್ದು ಕೇಳಿ. ಅಂಥ ಮನೆಯಲ್ಲಿ ಬೆಳೆದವಳು ಡೈರಿಗೆ ಬಂದು ಕೂಲರ್, ಫ್ಯಾನು, ಲೈಟು ಎಂದು ಪಟ್ಟಿ ಬರೆದುಕೊಂಡು ಹೋಗಿದ್ದೆ. ಮೋಟರ್ ನಾನೂರು ಅಡಿ ಕೆಳಗೆ, ಎದ್ದರೂ ಮೇಲೆ ಸದ್ದಿಲ್ಲ. ಕರೆಂಟು ಹೋಗಿ ಬ್ಯಾಟರಿ ಹಿಡಿದಾಗ ಆ ಡಬ್ಬ ಅದನ್ನೇ ಕರೆಂಟು ಬಂತೆಂದು ತಿಳಿಯುತ್ತದೆ, ಮೂರು ನಿಮಿಷ ಎಣಿಸುತ್ತದೆ. ಕಂಪ್ರೆಸರ್ ಕೂಡ ಮೂರು ನಿಮಿಷ ಎಣಿಸುತ್ತದೆ. ಎರಡೂ ಒಟ್ಟಿಗೆ ಬ್ಯಾಟರಿಯ ಮೇಲೆ ಬೀಳುತ್ತವೆ. ಏಳುವಾಗ ಮೋಟರಿಗೆ ಓಡುವಾಗಿನ ಐದಾರು ಪಟ್ಟು ಕರೆಂಟು ಬೇಕು. ಯಾವ ಬ್ಯಾಟರಿ ನಿಂತೀತು?

ಜೊತೆಗಾರನಿಗೆ ಫೋನ್ ಮಾಡಿದೆ. ಅವನು ಎರಡು ನಿಮಿಷ ನಕ್ಕ, ಆಮೇಲೆ ಸರಳ ದಾರಿ ಹೇಳಿದ. ಮೋಟರನ್ನು ಬ್ಯಾಟರಿಯ ಲೈನಿನಿಂದ ತೆಗೆದುಬಿಡೋಣ, ಅರ್ಧ ಗಂಟೆ ಕೆಲಸ. ಸಲಹೆಗಾರರಿಗೂ ಅವನೇ ಫೋನ್ ಮಾಡಿ ತಿಳಿಸಿದ, ಅವರದೂ ಅದೇ ಮಾತು. ನಾನೂ ಒಂದು ಗಳಿಗೆ ಒಪ್ಪಿದ್ದೆ. ಅಧ್ಯಕ್ಷರ ಮುಂದೆ ಹೇಳಿದೆ.

"ಮತ್ತೆ ಕರೆಂಟಿಲ್ದಾಗ ನೀರು?" ಎಂದರು.

"ಕರೆಂಟ್ ಬಂದ್ಮೇಲೆ ತೊಳೆದ್ರಾಯ್ತಲ್ಲಮ್ಮಾ."

"ಆಗ್ಲವ್ವ. ಕ್ಯಾನು ತೊಳೀದೆ ಹುಳಿ ವಾಸ್ನೆ ಬಂದ್ರೆ ಹಾಲು ನಿನ್ ತಲೆಗ್ ಸುರೀತೀನಿ. ಜನರೇಟ್ರು ಗುರ್ ಅಂತ ಎಲ್ಲಾನೂ ಎಳೀತಿತ್ತು. ನಿಂದು ಎಳೆಯಲ್ಲ ಅಂದ್ರೆ ಅಲ್ಲಿಗ್ ಬುಡು, ನೀರಿಗೆ ಇವ್ಳು ಹ್ಯಾಂಡ್ಲು ತಿರುಗುಸ್ತಾಳೆ."

ಟೆಸ್ಟರ್ ಅಕ್ಕ ಬಾಗಿಲ ಮೊಳೆಗೆ ತಗುಲಿಸಿದ್ದ ಟವೆಲ್ಲನ್ನು ಮಡಿಚಿ ಮತ್ತೆ ಅಲ್ಲೇ ಹಾಕಿದರು. ಜನರೇಟರ್ ಮಾಡುತ್ತಿದ್ದ ಕೆಲಸಗಳಲ್ಲಿ ಒಂದನ್ನು ಬಿಟ್ಟರೂ ಜನರೇಟರ್ ಅಲ್ಲೇ ಉಳಿಯುತ್ತದೆ, ಹ್ಯಾಂಡಲ್ಲೂ ಉಳಿಯುತ್ತದೆ. ನನಗೆ ಆಗ ಮನಸ್ಸು ಗಟ್ಟಿಯಾಯಿತು. "ಎಳೆಯುತ್ತೆ ಕಣಮ್ಮಾ. ಮೋಟರ್ ಸಮೇತ ಎಳೆಯುತ್ತೆ. ಆ ಆಟೋ ಡಬ್ಬ ಕೂಡ ನಾನು ಮುಟ್ಟಲ್ಲ" ಎಂದೆ. ಹೇಳಿದ ಮೇಲೆ ಹೇಗೆ ಎಂದು ಯೋಚಿಸಿದೆ. ಗಡುವಿಗೆ ಹತ್ತು ದಿನ ಉಳಿದಿತ್ತು.

ಎರಡು ಕೆಲಸ ಆಗಬೇಕಿತ್ತು. ಮೋಟರನ್ನು ಒಮ್ಮೆಲೇ ಎಬ್ಬಿಸದೆ ಮೆಲ್ಲಗೆ ವೇಗ ಏರಿಸುವ ಡ್ರೈವ್ ಎನ್ನುವ ಪೆಟ್ಟಿಗೆ ಅದರ ದಾರಿಯಲ್ಲಿ ಕೂರಬೇಕು. ಇನ್ನೊಂದು, ನಮ್ಮ ಬೋರ್ಡು ಯಾರು ಮೊದಲು ಯಾರು ಆಮೇಲೆ ಎಂದು ನೋಡಬೇಕು. ಡೈರಿಯಲ್ಲಿ ಹಾಲು ಹಾಕುವವರು ಒಬ್ಬರ ಹಿಂದೆ ಒಬ್ಬರು ಬರುವ ಹಾಗೆ, ಕಂಪ್ರೆಸರ್ ಎದ್ದು ನಿಂತಿದೆ ಎಂದು ಖಾತ್ರಿಯಾದ ಮೇಲೆ ನಾಲ್ಕನೆಯ ನಿಮಿಷಕ್ಕೆ ಮೋಟರಿನ ಲೈನಿಗೆ ಕರೆಂಟು ಬಿಡಬೇಕು. ಅಲ್ಲಿಂದ ಆಟೋ ಡಬ್ಬ ತನ್ನ ಮೂರು ನಿಮಿಷ ಎಣಿಸಲಿ, ಏಳನೆಯ ನಿಮಿಷಕ್ಕೆ ಏಳಲಿ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಸೆಲ್ಲು ಎಷ್ಟು ಬಿಸಿಯಾಗಿದೆ ನೋಡಿ ಸರತಿ ಹಿಂದುಮುಂದು ಮಾಡುವ ಪ್ರೋಗ್ರಾಮನ್ನು ಜೊತೆಗಾರ ಆರು ದಿನದಲ್ಲಿ ಬರೆದ. ತಲೆ ತಗ್ಗಿಸಿ ಕೂತಿದ್ದವನು ಇವನೇನಾ ಎನ್ನಿಸಿತು.

ಪರೀಕ್ಷೆ ಎಲ್ಲಿ ಮಾಡುವುದು? ಡೈರಿಯ ಮೋಟರ್ ಸುಟ್ಟರೆ ಊರಿನ ಮುಂದೆ ಮುಖ ತೋರಿಸುವಂತಿಲ್ಲ. ನಾನೂರು ಅಡಿಯಿಂದ ಮೋಟರ್ ಎತ್ತಿಸುವುದೆಂದರೆ ಪೈಪು ಬಿಚ್ಚಿ ಬಿಚ್ಚಿ ಒಂದು ಹಗಲು ಬೇಕು. ಚೇಳೂರಿಗೆ ಫೋನ್ ಮಾಡಿ ಅಪ್ಪನಿಗೆ ವಿಷಯ ಹೇಳಿದೆ. ನಮ್ಮದೂ ಐದು ಎಚ್‌ಪಿಯೇ.

"ಸುಡಂಗಿದ್ರೆ ನಮ್ದೇ ಸುಡ್ಲಿ ಬುಡು. ಊರೋರ್ದ್ಯಾಕೆ. ತಗಂಬಾ" ಎಂದರು.

ಶೆಡ್ಡಿನಲ್ಲಿದ್ದ ಇನ್ನೆರಡು ಪ್ಯಾಕು, ಇನ್ವರ್ಟರು, ಡ್ರೈವು ಎಲ್ಲ ಟೆಂಪೊದಲ್ಲಿ ಹೇರಿಕೊಂಡು ಗುಬ್ಬಿಯ ಮೇಲೆ ಚೇಳೂರಿಗೆ ಹೋದೆವು. ಜೋಡಿಸಿ ಚಾಲೂ ಮಾಡಿದೆವು. ಲ್ಯಾಪ್‌ಟಾಪಿನಲ್ಲಿ ಕರೆಂಟಿನ ಗೆರೆ ಮೆಟ್ಟಿಲಿನ ಬದಲು ಇಳಿಜಾರಿನ ಹಾಗೆ ನಯವಾಗಿ ಏರಿತು. ನಾವಿಬ್ಬರೂ ಕುಣಿದಾಡುವುದೊಂದು ಬಾಕಿ. ಅಪ್ಪ ಕಾಲುವೆಯ ಹತ್ತಿರ ನಿಂತು, ಪೈಪಿನ ಬಾಯಿಗೆ ಕಿವಿ ಕೊಟ್ಟು ಕೂಗಿದರು.

"ಉಲ್ಟಾ ತಿರುಗ್ತೈತೆ ಕಣೇ! ನೀರೇ ಬರ್ತಿಲ್ಲ, ಬರೀ ಉಸ್ರು ಬಿಡ್ತೈತೆ."

ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಿತ್ತು. ಎರಡು ವೈರು ಅದಲುಬದಲು ಮಾಡಿದೆ. ನೀರು ಧುಮುಕಿತು. ಅಪ್ಪ ಕೈಕಾಲು ತೊಳೆದುಕೊಂಡು, ಇನ್ನು ಇದನ್ನು ನೋಡುವುದೇನಿದೆ ಎನ್ನುವಂತೆ ತೋಟದೊಳಗೆ ಹೋದರು. ಅವತ್ತು ಇಪ್ಪತ್ತೆರಡು ಸಲ ನಿಲ್ಲಿಸಿ ಎಬ್ಬಿಸಿದೆವು. ಒಮ್ಮೆಯೂ ಬೀಳಲಿಲ್ಲ. ಡ್ರೈವನ್ನೂ ಹೊಸ ಪ್ರೋಗ್ರಾಮನ್ನೂ ಗಡುವಿನ ಹಿಂದಿನ ದಿನ ಡೈರಿಯಲ್ಲಿ ಕೂರಿಸಿದೆವು.

ಹದಿನೈದನೆಯ ದಿನ ಬೆಳಿಗ್ಗೆ ಡೈರಿಯ ಮುಂದೆ ಸಾಲು ರಸ್ತೆಯವರೆಗೆ ಇತ್ತು. ಸುದ್ದಿ ಹಬ್ಬಿದ್ದರಿಂದ ಹಾಲು ಹಾಕಿದವರೂ ಮನೆಗೆ ಹೋಗದೆ ನಿಂತಿದ್ದರು. ಸಲಹೆಗಾರರು ಬರಲಿಲ್ಲ, ಒಪ್ಪಿಗೆ ಪತ್ರ ಕಳಿಸಿದ್ದರು. ಅದು ನನ್ನ ಫೋನಿನಲ್ಲಿ ತೆರೆಯದೆ ಇತ್ತು. ಅಧ್ಯಕ್ಷರು ತೊಟ್ಟಿಯ ನೀರನ್ನು ತಾವೇ ನಿಂತು ಖಾಲಿ ಮಾಡಿಸಿದ್ದರು. ಟೆಸ್ಟರ್ ಅಕ್ಕನನ್ನು ಕರೆದು, "ನೀನು ಜನರೇಟ್ರ ತಾವ ನಿಂತ್ಕೊ. ಬಿದ್ದೇಟ್ಗೆ ತಿರುಗ್ಸು, ಹಾಲು ಕೆಡಬಾರ್ದು" ಎಂದರು. ಅಕ್ಕ ಟವೆಲ್ ಸುತ್ತಿಕೊಂಡು ಹ್ಯಾಂಡಲ್ ಹಿಡಿದು ನಿಂತರು. ಅಧ್ಯಕ್ಷರು ಮೈನ್ ಎಳೆದರು.

ಒಳಗೆ ಕತ್ತಲಾಯಿತು, ಐದು ಸೆಕೆಂಡಿಗೆ ಬೆಳಕು ಬಂತು. ಮೂರನೆಯ ನಿಮಿಷಕ್ಕೆ ಕಂಪ್ರೆಸರ್ ಎದ್ದಿತು. ಎಲ್ಲರೂ ಪೆಟ್ಟಿಗೆಯನ್ನೇ ನೋಡಿದರು, ಅದು ನಿಂತಿತ್ತು. ನಾಲ್ಕು, ಐದು, ಆರು. ಜೊತೆಗಾರ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಿದ್ದ, ನೋಡಲು ಅವನಿಗೆ ಧೈರ್ಯವಿರಲಿಲ್ಲ. ಏಳನೆಯ ನಿಮಿಷ ಕಳೆಯುತ್ತಿದ್ದ ಹಾಗೆ ಹಿಂದಿನಿಂದ, ಖಾಲಿ ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿತು. ಮೋಟರ್ ಎದ್ದಾಗಲೂ ಲೈಟು ಮಿನುಗಲಿಲ್ಲ.

ಟೆಸ್ಟರ್ ಅಕ್ಕ ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದರು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಸಾಲು ಬೆಳೆಯುತ್ತಲೇ ಇತ್ತು. ಕೊನೆಗೆ ಸಾಲಿನಲ್ಲಿದ್ದ ಒಬ್ಬಾಕೆ ರೇಗಿದಳು.

"ಏನೇ, ಹಾಲು ಅಳಿಯೋರ್ ಯಾರೇ? ಆ ಕಬ್ಣ ಹಿಡ್ಕಂಡು ಯಾಕ್ ನಿಂತಿದ್ದೀ? ಬಾರೇ ಒಳಕ್ಕೆ, ಮಕ್ಳು ಇಸ್ಕೂಲಿಗ್ ಹೋಗ್ಬೇಕು!"

ಅಕ್ಕ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ನೀರಿನ ಸದ್ದು ಬರುತ್ತಿದ್ದ ಕಡೆ ತಿರುಗಿದ್ದರು. ಅಕ್ಕ ಹ್ಯಾಂಡಲ್ಲನ್ನು ಗೋಡೆಗೆ ಒರಗಿಸಿ, ಮಣಿಕಟ್ಟಿನ ಟವೆಲ್ ಬಿಚ್ಚಿ ಅದರಲ್ಲೇ ಮುಖ ಒರೆಸಿಕೊಂಡು, ಒಳಗೆ ಹೋಗಿ ಮಷೀನಿನ ಮುಂದೆ ಕೂತರು. ಸಾಲು ಸರಿಯಿತು.

ನಾನು ಹೋಗಿ ಹ್ಯಾಂಡಲ್ ಎತ್ತಿಕೊಂಡೆ. ಅಂದುಕೊಂಡದ್ದಕ್ಕಿಂತ ಭಾರವಿತ್ತು.

"ಅದ್ನ ಎಲ್ಲಿಗ್ ತಗಂಡೋಯ್ತಿದ್ದೀಯವ್ವ?" ಎಂದರು ಅಧ್ಯಕ್ಷರು.

"ತುಮಕೂರಿಗೆ."

ಅವರು ಒಳಗೆ ಟೆಸ್ಟರ್ ಅಕ್ಕ ಕೂತಿದ್ದ ಕಡೆ ಒಮ್ಮೆ ನೋಡಿದರು.

"ತಗಂಡೋಗು. ವಾಪಸ್ ಮಾತ್ರ ತರ್ಬ್ಯಾಡ."